ಹಸಿ ಬಟಾಣಿ, ಹಿತಕಿದ ಅವರೆ, ಈರುಳ್ಳಿ ಸೊಪ್ಪು: ಮನೆಯಲ್ಲೇ ವಸಂತದ ಪಿಜ್ಜಾ

ಶಿವರಾತ್ರಿಗೆ ಚಳಿ ಶಿವ ಶಿವ ಎನ್ನುತ್ತಾ ಹೊರಟುಹೋಗುತ್ತದೆ ಎಂಬ ಮಾತಿದೆ. ಆ ದಿನಗಳಲ್ಲಿ ಮಾರುಕಟ್ಟೆಗೆ ಹೋದರೆ ಎರಡು ಋತುಗಳ ತರಕಾರಿ ಒಂದೇ ಚೀಲಕ್ಕೆ ಬೀಳುತ್ತದೆ. ಸೊಗಡು ಅವರೆಯ ಕೊನೆಯ ರಾಶಿ ಇನ್ನೂ ಇರುತ್ತದೆ, ಹಸಿ ಬಟಾಣಿಯೂ ಇರುತ್ತದೆ. ಬಿಳಿ ಗಡ್ಡೆ ಮೂಡಿದ ಈರುಳ್ಳಿ ಸೊಪ್ಪಿನ ಕಟ್ಟು, ಸೌತೆಯಂತೆ ಕಾಣುವ ಎಳೆಯ ಝುಕಿನಿ ಸಿಗುತ್ತವೆ. ಬೀದಿಯ ಬೇಲಿಯಂಚಿನ ನುಗ್ಗೆಮರ ಹೂಬಿಟ್ಟು ನಿಂತಿರುತ್ತದೆ. ಇವನ್ನೆಲ್ಲ ಪಲ್ಯಕ್ಕೂ ಸಾರಿಗೂ ಬಳಸಿದ ಮೇಲೆ ಒಂದು ಪಾಲನ್ನು ನಾನು ಪಿಜ್ಜಾಕ್ಕೆ ಎತ್ತಿಡುತ್ತೇನೆ. ಅಂಗಡಿಯ ಪಿಜ್ಜಾದಲ್ಲಿ ವರ್ಷವಿಡೀ ಅದೇ ದೊಣ್ಣೆ ಮೆಣಸಿನಕಾಯಿ, ಅದೇ ಜೋಳ. ಋತುವಿನ ರುಚಿ ಬೇಕಿದ್ದರೆ ಮನೆಯಲ್ಲೇ ಮಾಡಿಕೊಳ್ಳಬೇಕು.

ಮೊದಲ ಸಲ ಮಾಡಿದಾಗ ತರಕಾರಿಯನ್ನೆಲ್ಲ ಹಸಿಯಾಗಿ ಹೆಚ್ಚಿ, ಧಾರಾಳವಾಗಿ ಹರಡಿ, ಒಲೆಗೆ ಇಟ್ಟಿದ್ದೆ. ಅಂಚು ಕೆಂಪಗಾಗಿತ್ತು, ಚೀಸ್ ಕರಗಿತ್ತು. ಕತ್ತರಿಸಿ ಎತ್ತಿದರೆ ನಡುಭಾಗ ಒದ್ದೆ ಬಟ್ಟೆಯಂತೆ ಜೋತುಬಿದ್ದಿತು. ತಪ್ಪು ಹಿಟ್ಟಿನದ್ದೆಂದುಕೊಂಡು ಮೂರು ವಾರ ಹಿಟ್ಟನ್ನೇ ಬದಲಿಸಿದೆ. ಆದರೆ ತೊಂದರೆ ಇದ್ದದ್ದು ಹಿಟ್ಟಿನಲ್ಲಲ್ಲ, ನೀರಿನಲ್ಲಿ. ಎಳೆಯ ತರಕಾರಿಯ ಬಹುಪಾಲು ನೀರೇ. ಝುಕಿನಿಯಲ್ಲಂತೂ ನೂರಕ್ಕೆ ಸುಮಾರು 95 ಪಾಲು ನೀರು. ನೀರು 100 ಡಿಗ್ರಿಗಿಂತ ಮೇಲೆ ಬಿಸಿಯಾಗುವುದಿಲ್ಲ, ಆವಿಯಾಗುತ್ತದೆ. ಹಿಟ್ಟು ಕೆಂಪಾಗಿ ಗರಿಯಾಗಲು ಸುಮಾರು 140 ಡಿಗ್ರಿ ದಾಟಬೇಕು. ಮೇಲೆ ನೀರು ನಿಂತಿರುವಷ್ಟು ಹೊತ್ತು ಕೆಳಗಿನ ಹಿಟ್ಟು ಬೇಯುತ್ತದೆಯೇ ಹೊರತು ಗರಿಯಾಗುವುದಿಲ್ಲ.

ನೇಪಲ್ಸ್‌ನ ಸೌದೆ ಒಲೆಗೆ ಈ ತೊಂದರೆ ಅಷ್ಟಾಗಿ ಇಲ್ಲ. ಅಲ್ಲಿನ ಪಿಜ್ಜಾ ಕುಶಲಕರ್ಮಿಗಳ ಕಲೆಯನ್ನು ಯುನೆಸ್ಕೊ 2017ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರ ಒಲೆಯ ಬಿಸಿ 430 ಡಿಗ್ರಿ ದಾಟಿರುತ್ತದೆ, ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಹೊರಬರುತ್ತದೆ. ತರಕಾರಿ ನೀರು ಬಿಡುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ನಮ್ಮ ಮನೆಯ ಓವನ್ 230ರಿಂದ 250 ಡಿಗ್ರಿಗೆ ನಿಲ್ಲುತ್ತದೆ, ಬೇಯಲು ಹತ್ತು ನಿಮಿಷ ಬೇಕು. ಹತ್ತು ನಿಮಿಷದಲ್ಲಿ ಝುಕಿನಿ ತನ್ನೊಳಗಿನದನ್ನೆಲ್ಲ ಹೊರಗೆ ಹಾಕಿಬಿಡುತ್ತದೆ. ಆದ್ದರಿಂದ ನಾವು ಮಾಡಬೇಕಾದ ಕೆಲಸದ ಬಹುಪಾಲು ಓವನ್ ಹಚ್ಚುವ ಮೊದಲೇ ಮುಗಿಯಬೇಕು.

ಹಿಂದಿನ ದಿನ: ಹಿಟ್ಟು

ಹತ್ತು ಅಂಗುಲದ ಎರಡು ಪಿಜ್ಜಾಕ್ಕೆ ಬೇಕಾದ ಅಳತೆ ಇದು.

- ಮೈದಾ 320 ಗ್ರಾಂ
- ನೀರು 200 ಮಿಲಿ
- ಉಪ್ಪು 6 ಗ್ರಾಂ, ಅಂದರೆ ತಲೆತಟ್ಟಿದ ಒಂದು ಟೀ ಚಮಚ
- ಇನ್‌ಸ್ಟಂಟ್ ಈಸ್ಟ್ ಅರ್ಧ ಟೀ ಚಮಚ
- ಸಕ್ಕರೆ ಒಂದು ಟೀ ಚಮಚ
- ಎಣ್ಣೆ ಒಂದು ದೊಡ್ಡ ಚಮಚ

ಸಾಧ್ಯವಾದರೆ ತೂಕದ ಯಂತ್ರ ಬಳಸಿ. ಒಂದು ಲೋಟ ಮೈದಾವನ್ನು ಒತ್ತಿ ತುಂಬುವುದಕ್ಕೂ ಸಡಿಲವಾಗಿ ತುಂಬುವುದಕ್ಕೂ ಬಹಳ ವ್ಯತ್ಯಾಸ ಬರುತ್ತದೆ. ಮೈದಾ ಕೊಳ್ಳುವಾಗ ಪೊಟ್ಟಣದ ಹಿಂದೆ ಪ್ರೋಟೀನ್ ಎಷ್ಟೆಂದು ನೋಡಿ, 100 ಗ್ರಾಂಗೆ 10 ಅಥವಾ 11 ಗ್ರಾಂ ಇರುವುದನ್ನು ಆರಿಸಿ. ಹಿಟ್ಟಿನ ಎಳೆತ ಅದರಿಂದಲೇ ಬರುತ್ತದೆ. ಹೊರದೇಶದ ಅಡುಗೆ ವಿಧಾನಗಳಲ್ಲಿ ಇನ್ನೂ ಹೆಚ್ಚು ನೀರು ಹೇಳಿರುತ್ತಾರೆ. ಅವರ ಬ್ರೆಡ್ ಹಿಟ್ಟು ನಮ್ಮ ಮೈದಾಕ್ಕಿಂತ ಗಟ್ಟಿ, ಹೆಚ್ಚು ನೀರು ಹೀರುತ್ತದೆ. ಅದೇ ಅಳತೆಯನ್ನು ಇಲ್ಲಿ ಹಿಡಿದರೆ ಹಿಟ್ಟು ಕೈಗೆ ಸಿಗದೆ ಹರಿದಾಡುತ್ತದೆ. ಗೋಧಿಹಿಟ್ಟು ಬೇಕೆನ್ನುವವರು 80 ಗ್ರಾಂ ಮೈದಾ ತೆಗೆದು ಅಷ್ಟೇ ಗೋಧಿಹಿಟ್ಟು ಸೇರಿಸಿ, ನೀರನ್ನು ಒಂದು ದೊಡ್ಡ ಚಮಚ ಹೆಚ್ಚಿಸಿಕೊಳ್ಳಬಹುದು. ಪೂರ್ತಿ ಗೋಧಿಹಿಟ್ಟಿನಲ್ಲಿ ಮಾಡಿದರೆ ದಪ್ಪ ರೊಟ್ಟಿ ಆಗುತ್ತದೆ. ರುಚಿಯಾಗಿಯೇ ಇರುತ್ತದೆ, ಆದರೆ ಪಿಜ್ಜಾದ ಹಗುರ ಬರುವುದಿಲ್ಲ.

ಒಣ ಪದಾರ್ಥಗಳನ್ನು ಬೆರೆಸಿ, ನೀರು ಹಾಕಿ, ಒಣ ಹಿಟ್ಟು ಕಾಣದಂತೆ ಕಲಸಿ ಇಪ್ಪತ್ತು ನಿಮಿಷ ಮುಚ್ಚಿಡಿ. ಆಮೇಲೆ ಎಣ್ಣೆ ಸೇರಿಸಿ ಏಳೆಂಟು ನಿಮಿಷ ನಾದಿ. ಮೊದಲು ಅಂಟುತ್ತದೆ. ಆಗ ಒಣ ಮೈದಾ ಉದುರಿಸುವ ಆಸೆಯಾಗುತ್ತದೆ, ಉದುರಿಸಬೇಡಿ. ಯುಗಾದಿಗೆ ಒಬ್ಬಟ್ಟಿನ ಕಣಕ ಕಲಸಿದ ಕೈಗೆ ಇದು ಗೊತ್ತಿರುವ ಸಂಗತಿಯೇ: ಮೆತ್ತಗಿನ ಕಣಕ ಎಣ್ಣೆ ಕುಡಿದು, ನೆನೆದ ಮೇಲೆ ತಾನಾಗಿಯೇ ಮಾತು ಕೇಳುತ್ತದೆ. ಚಿಕ್ಕ ಉಂಡೆ ತೆಗೆದು ಎರಡೂ ಕೈಯಿಂದ ನಿಧಾನಕ್ಕೆ ಎಳೆದಾಗ ಹರಿಯದೆ, ಬೆಳಕು ಕಾಣುವಷ್ಟು ತೆಳುವಾದ ಪೊರೆಯಂತಾದರೆ ನಾದಿದ್ದು ಸಾಕು.

ಎರಡು ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಡಬ್ಬಿಗಳಲ್ಲಿ ಹಾಕಿ, ಹೊರಗೆ ಅರ್ಧ ಗಂಟೆ ಬಿಟ್ಟು ಫ್ರಿಜ್‌ಗೆ ಸೇರಿಸಿ. ಡಬ್ಬಿ ಹಿಟ್ಟಿನ ಎರಡೂವರೆ ಪಟ್ಟು ದೊಡ್ಡದಿರಲಿ. 24ರಿಂದ 48 ಗಂಟೆ ತಣ್ಣಗೆ ನಿಧಾನವಾಗಿ ಹುದುಗಿದ ಹಿಟ್ಟಿನ ರುಚಿಯೇ ಬೇರೆ, ಬಣ್ಣವೂ ಚೆನ್ನಾಗಿ ಬರುತ್ತದೆ. ಅದೇ ದಿನ ಬೇಕೆಂದರೆ ಫಾಲ್ಗುಣದ ಬಿಸಿಲಿಗೆ ಹೊರಗೆ ಒಂದೂವರೆ ಗಂಟೆಯಲ್ಲೇ ಹಿಟ್ಟು ಎರಡು ಪಟ್ಟಾಗುತ್ತದೆ. ಕರಾವಳಿಯ ಸೆಕೆಯಲ್ಲಿ ಇನ್ನೂ ಬೇಗ. ಗಡಿಯಾರಕ್ಕಿಂತ ಹಿಟ್ಟನ್ನೇ ನೋಡಿ. ದೋಸೆಹಿಟ್ಟು ಉಬ್ಬುವುದನ್ನು ಕಾಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ರಾತ್ರಿ ಅವರೆಕಾಳನ್ನೂ ಬಿಡಿಸಿ ನೀರಿನಲ್ಲಿ ನೆನೆಹಾಕಿ.

ಬೆಳಿಗ್ಗೆ: ತರಕಾರಿಯ ನೀರು ತೆಗೆಯುವುದು

ನನಗೆ ಇಡೀ ಕೆಲಸದಲ್ಲಿ ಹೆಚ್ಚು ಇಷ್ಟವಾಗುವ ಭಾಗ ಇದು. ಒಂದೊಂದು ತರಕಾರಿಗೂ ಅದರದೇ ಉಪಚಾರ ಬೇಕು. ಎಲ್ಲವನ್ನೂ ಒಂದೇ ಬಾಣಲೆಗೆ ಸುರಿದು ಹುರಿದರೆ ಒಂದು ಬೆಂದು ಕರಗುವಷ್ಟರಲ್ಲಿ ಇನ್ನೊಂದು ಹಸಿಯಾಗಿಯೇ ಉಳಿದಿರುತ್ತದೆ.

ಬಟಾಣಿಯಿಂದ ಶುರುಮಾಡೋಣ. ಸಿಪ್ಪೆ ಸಹಿತ ಕೊಂಡು ಅದೇ ದಿನ ಸುಲಿಯಿರಿ. ಗಿಡದಿಂದ ಕಿತ್ತ ಗಳಿಗೆಯಿಂದಲೇ ಬಟಾಣಿಯ ಸಿಹಿ ಪಿಷ್ಟವಾಗಿ ಬದಲಾಗುತ್ತಾ ಹೋಗುತ್ತದೆ. ಸುಲಿದು ಇಟ್ಟು ಮಾರುವ ಬಟಾಣಿ ಹಿಟ್ಟುಹಿಟ್ಟಾಗಿರುವುದು ಅದಕ್ಕೇ. ಅರ್ಧ ಬಟ್ಟಲು ಕಾಳು ಸಾಕು. ಉಪ್ಪು ಹಾಕಿದ ಕುದಿಯುವ ನೀರಿಗೆ ಹಾಕಿ, ಮುಚ್ಚಳ ಮುಚ್ಚದೆ ಎರಡು ನಿಮಿಷ ಬೇಯಿಸಿ. ಮುಚ್ಚಿದರೆ ತರಕಾರಿಯ ಹುಳಿಯಂಶ ಹಬೆಯೊಂದಿಗೆ ಹೊರಹೋಗದೆ ಅಲ್ಲೇ ಉಳಿದು ಹಸಿರನ್ನು ಕೆಡಿಸುತ್ತದೆ. ಬಸಿದು ತಣ್ಣೀರಿಗೆ ಹಾಕಿ, ಮತ್ತೆ ಬಸಿದು, ಬಟ್ಟೆಯ ಮೇಲೆ ಹರಡಿ ಒಣಗಿಸಿ. ಒಣಗಿಸುವುದನ್ನು ಬಿಡಬೇಡಿ, ಇಷ್ಟೆಲ್ಲ ಮಾಡಿದ್ದು ಅದಕ್ಕಾಗಿಯೇ.

ನೆನೆದ ಅವರೆಕಾಳನ್ನು ಹಿತಕಿ ಬೇಳೆ ತೆಗೆಯಿರಿ. ಒಂದು ಹಿಡಿ ಬೇಳೆಯನ್ನು ಉಪ್ಪುನೀರಿನಲ್ಲಿ ಆಕಾರ ಕೆಡದಂತೆ ಆರೇಳು ನಿಮಿಷ ಬೇಯಿಸಿ ಬಸಿಯಿರಿ. ಬೆರಳಿಗೆ ನುಣ್ಣಗೆ ಹಿಸುಕುವಂತಿರಬೇಕು, ಆದರೆ ಇಡಿಯಾಗಿ ಉಳಿಯಬೇಕು. ಇಟಲಿಯ ಪಿಜ್ಜಾದ ಮೇಲೆ ಅವರೆ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ರೋಮ್‌ನ ಮನೆಗಳಲ್ಲಿ ವಸಂತ ಬಂತೆಂದರೆ ಫಾವಾ ಎಂಬ ದಪ್ಪ ಕಾಳನ್ನು ಬಿಡಿಸಿ, ಅದರ ಮೇಲಿನ ಒರಟು ಸಿಪ್ಪೆಯನ್ನು ಹಿಸುಕಿ ತೆಗೆದು, ಒಳಗಿನ ಎಳೆ ಹಸಿರು ಬೇಳೆಯನ್ನು ಬಟಾಣಿ, ಆರ್ಟಿಚೋಕ್, ಎಳೆ ಈರುಳ್ಳಿಯ ಜೊತೆ ಬೇಯಿಸಿ ವಿನ್ಯರೋಲಾ ಎಂಬ ಪಲ್ಯ ಮಾಡುತ್ತಾರೆ. ಕಾಳು ಬೇರೆ, ಊರು ಬೇರೆ, ಹಿತಕುವ ಬೆರಳಿನ ಕೆಲಸ ಒಂದೇ. ಹೊರದೇಶದಲ್ಲಿರುವ ಕನ್ನಡಿಗರಿಗೆ ಏಪ್ರಿಲ್, ಮೇ ತಿಂಗಳಲ್ಲಿ ಅವರೆ ಸಿಗದಿದ್ದರೂ ಫಾವಾ ಸಿಕ್ಕೀತು. ಹಿತಕಿದ ಬೇಳೆಯ ಸಾರಿನ ನೆನಪು ಬಾರದೆ ಇರದು.

ಝುಕಿನಿಯನ್ನು ಮೂರು ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಿ, ಅರ್ಧ ಚಮಚ ಉಪ್ಪು ಬೆರೆಸಿ ಜರಡಿಯಲ್ಲಿ ಇಪ್ಪತ್ತು ನಿಮಿಷ ಬಿಡಿ. ಕೆಳಗೆ ಎಷ್ಟು ನೀರು ಇಳಿದಿದೆಯೆಂದು ಒಮ್ಮೆ ನೋಡಿ. ಅದೆಲ್ಲ ನಿಮ್ಮ ಪಿಜ್ಜಾದ ಮೇಲೆ ನಿಲ್ಲಬೇಕಿದ್ದ ನೀರು. ಬಟ್ಟೆಯಲ್ಲಿ ಹಾಕಿ ಹಿಂಡಿ ತೆಗೆಯಿರಿ. ಉಪ್ಪು ಈಗಾಗಲೇ ಸೇರಿರುವುದರಿಂದ ಮತ್ತೆ ಹಾಕಬೇಡಿ.

ಈರುಳ್ಳಿ ಸೊಪ್ಪಿನ ಬಿಳಿ ಗಡ್ಡೆಯನ್ನು ಉದ್ದಕ್ಕೆ ಸೀಳಿ, ಒಂದು ಚಮಚ ಎಣ್ಣೆಯಲ್ಲಿ ಅಂಚು ಕೆಂಪಾಗುವವರೆಗೆ ದೊಡ್ಡ ಉರಿಯಲ್ಲಿ ಬಾಡಿಸಿ. ಹಸಿರು ಎಲೆಯನ್ನು ಸಣ್ಣಗೆ ಹೆಚ್ಚಿ ಬೇರೆಯಾಗಿಡಿ, ಅದರ ಸರದಿ ಕೊನೆಯಲ್ಲಿ. ಆಸ್ಪರಾಗಸ್ ಎಂಬ ಎಳೆ ಹಸಿರು ದಂಟು ಸಿಕ್ಕರೆ ಬುಡದ ನಾರಿನ ಭಾಗವನ್ನು ಮುರಿದು ತೆಗೆದು, ಉದ್ದಕ್ಕೆ ಎರಡು ಸೀಳು ಮಾಡಿ ಎಣ್ಣೆ ಸವರಿದರೆ ಸಾಕು. ತೆಳ್ಳಗಿರುವುದರಿಂದ ಬೇಯಿಸಬೇಕಾಗಿಲ್ಲ. ಸಿಗದಿದ್ದರೆ ಹುಡುಕಿಕೊಂಡು ಅಲೆಯಬೇಡಿ. ನುಗ್ಗೆ ಹೂವು ಒಂದು ಹಿಡಿ ಸಿಕ್ಕರೆ ಕೊಡವಿ, ಹುಳು ನೋಡಿ, ತೊಳೆದು ಆರಿಸಿ, ಚೂರು ಎಣ್ಣೆಯಲ್ಲಿ ಮೂರು ನಿಮಿಷ ಹುರಿಯಿರಿ. ಅದರ ನಸುಗಹಿ ಚೀಸ್‌ನ ಜಿಡ್ಡನ್ನು ಬಹಳ ಚೆನ್ನಾಗಿ ಮುರಿಯುತ್ತದೆ. ಕ್ಯಾರೆಟ್ ಬೇಡ ಎನ್ನುತ್ತೇನೆ. ಹತ್ತು ನಿಮಿಷದಲ್ಲಿ ಅದು ಬೇಯುವುದೂ ಇಲ್ಲ, ಮೊದಲೇ ಬೇಯಿಸಿದರೆ ಬರೀ ಸಿಹಿಯಾಗಿ ಉಳಿಯುತ್ತದೆ.

ಒಂದು ಪಿಜ್ಜಾಕ್ಕೆ ಸಿದ್ಧವಾದ ತರಕಾರಿ ಎಲ್ಲ ಸೇರಿ 150 ಗ್ರಾಂ ಮೀರದಿರಲಿ. ಮಿಕ್ಕಿದ್ದನ್ನು ಸಂಜೆಯ ಉಪ್ಪಿಟ್ಟಿಗೆ ಹಾಕಿ.

ಟೊಮೆಟೊ ಬದಲು ಬಿಳಿ ಹಾಸು

ಎಳೆ ಹಸಿರು ತರಕಾರಿಯ ಸಣ್ಣ ಸಿಹಿ ಟೊಮೆಟೊ ಸಾಸ್‌ನ ಹುಳಿಯಲ್ಲಿ ಮುಳುಗಿಹೋಗುತ್ತದೆ. ಟೊಮೆಟೊ ಇಲ್ಲದ ಬಿಳಿ ಪಿಜ್ಜಾ ಇಟಲಿಯಲ್ಲಿ ಹಳೆಯದೇ. ರಿಕೊಟಾ ಎಂಬ ಮೃದು ಚೀಸ್‌ನ ಜಾಗದಲ್ಲಿ ನಾನು ಮನೆಯ ಮೃದು ಪನೀರ್ ಬಳಸುತ್ತೇನೆ. ಒಂದು ಲೀಟರ್ ಗಟ್ಟಿ ಹಾಲು ಕುದಿ ಬಂದಾಗ ಉರಿ ಆರಿಸಿ, ಎರಡು ದೊಡ್ಡ ಚಮಚ ನಿಂಬೆರಸವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಒಡೆಸಿ. ತೆಳು ಬಟ್ಟೆಯಲ್ಲಿ ಸೋಸಿ ಇಪ್ಪತ್ತು ನಿಮಿಷ ತೂಗುಹಾಕಿ. ಭಾರ ಇಟ್ಟು ಒತ್ತಬಾರದು, ಒತ್ತಿದರೆ ಪುಡಿಪುಡಿಯಾಗುತ್ತದೆ. ಉಪ್ಪು, ಕುಟ್ಟಿದ ಕಾಳುಮೆಣಸು, ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ, ಒಂದು ಚಮಚ ಎಣ್ಣೆ ಹಾಕಿ ಚಮಚದಿಂದ ಸವರಬಹುದಾದಷ್ಟು ನುಣ್ಣಗೆ ಮಸೆಯಿರಿ. ಬೆಳ್ಳುಳ್ಳಿ ತಿನ್ನದ ಮನೆಯವರು ಅದನ್ನು ಬಿಟ್ಟು ಕಾಳುಮೆಣಸು ಹೆಚ್ಚಿಸಬಹುದು. ಈರುಳ್ಳಿ ಸೊಪ್ಪಿನ ಬದಲು ನುಗ್ಗೆ ಹೂವು ಸಾಕು. ಪನೀರಿನಿಂದ ಬಸಿದ ನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟಿಗೆ ಚೆನ್ನಾಗಿರುತ್ತದೆ.

ಮೇಲೆ ಒಂದು ಪಿಜ್ಜಾಕ್ಕೆ 80 ಗ್ರಾಂ ಮೊಝರೆಲ್ಲಾ ಸಾಕು. ನೀರಿನಲ್ಲಿ ಮುಳುಗಿಸಿ ಮಾರುವ ತಾಜಾ ಮೊಝರೆಲ್ಲಾ ಕೊಂಡಿದ್ದರೆ ಹರಿದು, ಒಂದು ಗಂಟೆ ಜರಡಿಯಲ್ಲಿ ಬಸಿಯಲು ಬಿಡಿ.

ಸಸ್ಯಾಹಾರಿಗಳಿಗೆ ಇಲ್ಲಿ ಒಂದು ಮುಖ್ಯ ಮಾತು. ಹಾಲನ್ನು ಹೆಪ್ಪುಗಟ್ಟಿಸಿ ಮೊಝರೆಲ್ಲಾದಂಥ ಚೀಸ್ ಮಾಡಲು ಸಾಮಾನ್ಯವಾಗಿ ರೆನೆಟ್ ಎಂಬ ಕಿಣ್ವ ಬಳಸುತ್ತಾರೆ. ಸಾಂಪ್ರದಾಯಿಕವಾಗಿ ಅದನ್ನು ಎಳೆಗರುವಿನ ಹೊಟ್ಟೆಯಿಂದ ತೆಗೆಯುತ್ತಾರೆ. ಇಂದು ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಬಳಸಿದ ಚೀಸ್ ಬೇಕಾದಷ್ಟಿದೆ. ನಮ್ಮ ದೇಶದಲ್ಲಿ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿದರೆ ಸಾಕು. ಆದರೆ ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಕರುವಿನ ರೆನೆಟ್ಟನ್ನೇ ಬಳಸಬೇಕೆಂಬ ನಿಯಮವಿದೆ. ತರಕಾರಿ ಪಿಜ್ಜಾ ಎಂದು ನಂಬಿ ಮೇಲೆ ಅದನ್ನು ತುರಿದುಕೊಂಡವರು ನನ್ನ ಪರಿಚಯದಲ್ಲೇ ಇದ್ದಾರೆ, ತಿಳಿದಾಗ ಬಹಳ ನೊಂದುಕೊಂಡರು. ಹಸಿರು ಚುಕ್ಕೆ ಇಲ್ಲದ ದೇಶಗಳಲ್ಲಿರುವವರು ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳನ್ನು ಓದಲೇಬೇಕು. ಬರೀ ರೆನೆಟ್ ಎಂದಷ್ಟೇ ಬರೆದಿದ್ದರೆ ನಾನು ಅದನ್ನು ಮುಟ್ಟುವುದಿಲ್ಲ.

ಒಲೆಯ ಬಳಿ

ಹಿಟ್ಟನ್ನು ಎರಡು ಗಂಟೆ ಮೊದಲೇ ಫ್ರಿಜ್‌ನಿಂದ ಹೊರತೆಗೆಯಿರಿ. ತಣ್ಣಗಿನ ಹಿಟ್ಟು ಎಳೆದಷ್ಟೂ ಹಿಂದಕ್ಕೆ ಮುದುಡುತ್ತದೆ.

ಪಿಜ್ಜಾ ಕಲ್ಲು ಕೊಳ್ಳಬೇಕಾಗಿಲ್ಲ. ಓವನ್‌ನೊಳಗೆ ಹಿಡಿಯುವ, ಮರದ ಅಥವಾ ಪ್ಲಾಸ್ಟಿಕ್ ಹಿಡಿ ಇಲ್ಲದ ಎರಕದ ಕಬ್ಬಿಣದ ದೋಸೆ ಕಾವಲಿ ಇದ್ದರೆ ಅದನ್ನು ಕೆಳಗಿನ ಅಂತಸ್ತಿನಲ್ಲಿ ಬೋರಲಾಗಿಡಿ. ಮೇಲಿನ ಕೆಳಗಿನ ಎರಡೂ ಸರಳು ಹೊತ್ತಿಸಿ, ಓವನ್ ಹೋಗುವಷ್ಟು ಗರಿಷ್ಠ ಬಿಸಿಯಲ್ಲಿ 40 ನಿಮಿಷ ಕಾಯಿಸಿ. ಹತ್ತೇ ನಿಮಿಷಕ್ಕೆ ದೀಪ ಆರಿ ಓವನ್ ಸಿದ್ಧವೆಂದು ತೋರಿಸುತ್ತದೆ. ಆಗ ಬಿಸಿಯಾಗಿರುವುದು ಗಾಳಿ, ಕಬ್ಬಿಣವಲ್ಲ. ಕಾದ ಕಬ್ಬಿಣ ಹಿಟ್ಟಿನ ತಳಕ್ಕೆ ಒಮ್ಮೆಲೇ ಬಿಸಿ ಕೊಟ್ಟಾಗಲೇ ನೀರು ಆವಿಯಾಗಿ ತಳ ಗರಿಯಾಗುತ್ತದೆ.

ಮಣೆಯ ಮೇಲೆ ಚಿರೋಟಿ ರವೆ ಉದುರಿಸಿ, ಉಂಡೆಯನ್ನಿಟ್ಟು ಬೆರಳ ತುದಿಯಿಂದ ನಡುವಿನಿಂದ ಹೊರಕ್ಕೆ ತಟ್ಟುತ್ತಾ ಹೋಗಿ, ಬಾಳೆಲೆಯ ಮೇಲೆ ಒಬ್ಬಟ್ಟು ತಟ್ಟುವ ಹಾಗೆ. ಅಂಚಿನ ಒಂದು ಬೆರಳಗಲವನ್ನು ಮುಟ್ಟಬೇಡಿ, ಅಲ್ಲಿನ ಗಾಳಿಯೇ ಉಬ್ಬಿ ಅಂಚಾಗುತ್ತದೆ. ಲಟ್ಟಣಿಗೆ ಓಡಿಸಿದರೆ ಎರಡು ದಿನ ಕೂಡಿದ ಗಾಳಿಯೆಲ್ಲ ಒಂದು ನಿಮಿಷದಲ್ಲಿ ಹೊರಟುಹೋಗುತ್ತದೆ. ಹಿಟ್ಟು ಮುದುಡಿದರೆ ಬಲವಂತ ಮಾಡದೆ ಹತ್ತು ನಿಮಿಷ ಬಿಟ್ಟು ಮತ್ತೆ ತಟ್ಟಿ.

ಅಂಚಿಲ್ಲದ ತಟ್ಟೆಯ ಮೇಲೆ, ಅಥವಾ ತಟ್ಟೆಯೊಂದನ್ನು ಬೋರಲು ಹಾಕಿ ಅದರ ಬೆನ್ನಿನ ಮೇಲೆ, ಇನ್ನಷ್ಟು ರವೆ ಉದುರಿಸಿ ಹಿಟ್ಟನ್ನು ಇಡಿ. ತಟ್ಟೆ ಅಲುಗಿಸಿದರೆ ಹಿಟ್ಟು ಜಾರಬೇಕು. ಈಗ ತಡಮಾಡದೆ ಬಿಳಿ ಹಾಸನ್ನು ತೆಳ್ಳಗೆ ಸವರಿ, ಝುಕಿನಿ ಮತ್ತು ಬಿಳಿ ಈರುಳ್ಳಿ ಹರಡಿ, ಬಟಾಣಿ ಮತ್ತು ಅವರೆಬೇಳೆಯನ್ನು ಪನೀರಿನೊಳಗೆ ಮೆಲ್ಲಗೆ ಒತ್ತಿ. ಒತ್ತದಿದ್ದರೆ ತಿನ್ನುವಾಗ ಉರುಳಿ ಬೀಳುತ್ತವೆ. ಮೊಝರೆಲ್ಲಾವನ್ನು ಅಲ್ಲಲ್ಲಿ ಹಾಕಿ, ಆಸ್ಪರಾಗಸ್ ಇದ್ದರೆ ಎಲ್ಲಕ್ಕಿಂತ ಮೇಲಿಡಿ. ನಿಂಬೆರಸವನ್ನು ಈಗಲೇ ಹಿಂಡಬೇಡಿ. ಹುಳಿ ತಗುಲಿದ ಹಸಿರು ಬಿಸಿಯಲ್ಲಿ ಮಾಸಲು ಬಣ್ಣಕ್ಕೆ ತಿರುಗುತ್ತದೆ.

ಕಾವಲಿಯ ಮೇಲೆ ಜಾರಿಸಿ ಏಳೆಂಟು ನಿಮಿಷ ಬೇಯಿಸಿ. ಹೆಚ್ಚಿದ ಈರುಳ್ಳಿ ಎಲೆ ಮತ್ತು ನುಗ್ಗೆ ಹೂವನ್ನು ಉದುರಿಸಿ ಮತ್ತೆರಡು ನಿಮಿಷ ಬಿಡಿ. ಇಕ್ಕಳದಿಂದ ಅಂಚನ್ನೆತ್ತಿ ತಳ ನೋಡಿ, ದೋಸೆಯ ಬೆನ್ನಿನಂತೆ ಕೆಂಪು ಚುಕ್ಕೆ ಹರಡಿರಬೇಕು. ತಳ ಆಗಿ ಮೇಲೆ ಬಿಳಿಚಿಕೊಂಡಿದ್ದರೆ ಮೇಲಿನ ಸರಳು ಮಾತ್ರ ಇಟ್ಟುಕೊಂಡು ಒಂದು ನಿಮಿಷ ಮೇಲಂತಸ್ತಿಗೆ ಏರಿಸಿ.

ಓವನ್ ಇಲ್ಲದವರು ಗ್ಯಾಸ್ ಒಲೆಯ ಮೇಲೆ ದಪ್ಪ ಕಾವಲಿ ಕಾಯಿಸಿ, ತಟ್ಟಿದ ಹಿಟ್ಟನ್ನು ಹಾಕಿ, ಗುಳ್ಳೆ ಎದ್ದು ತಳ ಚುಕ್ಕೆಗಟ್ಟಿದಾಗ ಮಗುಚಿ. ಬೆಂದ ಮೈ ಈಗ ಮೇಲಿರುತ್ತದೆ. ಅದರ ಮೇಲೆ ಎಲ್ಲವನ್ನೂ ಹರಡಿ, ಉರಿ ತಗ್ಗಿಸಿ, ಎತ್ತರದ ಮುಚ್ಚಳ ಮುಚ್ಚಿ ಐದಾರು ನಿಮಿಷ ಇಡಿ. ಮುಚ್ಚಳದೊಳಗೆ ಕೂಡಿದ ಹಬೆ ಹನಿಹನಿಯಾಗಿ ಪಿಜ್ಜಾದ ಮೇಲೇ ಬೀಳುತ್ತದೆ. ಆದ್ದರಿಂದ ಎರಡು ಸಲ ಮುಚ್ಚಳ ತೆಗೆದು ಒಳಭಾಗವನ್ನು ಒರೆಸಿ, ಕೊನೆಯ ನಿಮಿಷ ತೆರೆದೇ ಬೇಯಿಸಿ. ಚೀಸ್ ಕರಗುತ್ತದೆ, ಕೆಂಪಾಗುವುದಿಲ್ಲ. ಆದರೆ ತಳದ ಗರಿಗರಿಯಲ್ಲಿ ಈ ಕಾವಲಿ ಪಿಜ್ಜಾ ಓವನ್‌ನದ್ದಕ್ಕೆ ಸೋಲುವುದಿಲ್ಲ.

ಇಳಿಸಿದ ಪಿಜ್ಜಾವನ್ನು ನೇರ ತಟ್ಟೆಗೆ ಹಾಕಬೇಡಿ, ಅಡಿಯ ಹಬೆ ಮತ್ತೆ ನೀರಾಗುತ್ತದೆ. ಜಾಲರಿಯ ಮೇಲೆ ಮೂರು ನಿಮಿಷ ಇಟ್ಟು, ಆಮೇಲೆ ನಾಲ್ಕು ಹನಿ ನಿಂಬೆರಸ, ಕುಟ್ಟಿದ ಮೆಣಸು, ಸ್ವಲ್ಪ ಎಣ್ಣೆ ಹಾಕಿ. ಮೇಲೆ ಹರಿದು ಹಾಕಲು ಬೇಸಿಲ್ ಬೇಕೆಂದು ದುಬಾರಿ ಅಂಗಡಿಗೆ ಹೋಗಬೇಕಾಗಿಲ್ಲ. ನಮ್ಮ ಕಾಮಕಸ್ತೂರಿ ಅದೇ ಜಾತಿಯ ಗಿಡ, ಘಾಟು ಸ್ವಲ್ಪ ಹೆಚ್ಚು, ನಾಲ್ಕೈದು ಎಲೆ ಸಾಕು. ಹೂವಿನ ಮಾಲೆಗೆ ಸೇರಿಸುವ ಮರುಗವೂ ಒರೆಗಾನೊದ ಹತ್ತಿರದ ನೆಂಟ. ಪೇಟೆಯ ಹೂವಿನದಕ್ಕೆ ಔಷಧಿ ಹೊಡೆದಿರುತ್ತಾರೆ, ಆದ್ದರಿಂದ ಎರಡನ್ನೂ ಕುಂಡದಲ್ಲಿ ಬೆಳೆಸಿಕೊಂಡು ಬಳಸಿ. ಒಣ ಒರೆಗಾನೊ ಮುಗಿದಿದ್ದ ದಿನ ದೊಡ್ಡಪತ್ರೆಯ ಒಂದೇ ಎಲೆಯನ್ನು ಸಣ್ಣಗೆ ಹೆಚ್ಚಿ ಪನೀರಿಗೆ ಬೆರೆಸಿದ್ದೆ. ಆಮೇಲೆ ಒರೆಗಾನೊ ತರುವುದನ್ನೇ ಬಿಟ್ಟೆ.

ಎರಡನೆಯದನ್ನು ತಕ್ಷಣ ಒಳಗಿಡಬೇಡಿ. ಮೊದಲನೆಯದು ಕಾವಲಿಯ ಬಿಸಿಯನ್ನು ಹೀರಿರುತ್ತದೆ, ಅದು ಮತ್ತೆ ಕಾಯಲು ಹತ್ತು ನಿಮಿಷ ಬೇಕು. ಮನೆಮಂದಿ ಮೊದಲನೆಯದನ್ನು ಬಿಸಿಯಾಗಿ ತಿಂದು ಮುಗಿಸುವುದಕ್ಕೂ ಅಷ್ಟೇ ಹೊತ್ತು ಹಿಡಿಯುತ್ತದೆ.